ಹತ್ತೊಂಬತ್ತನೇ ಫ್ರೇಮು

ಅಣ್ಣಿಗೇರಿಗೆ ಕೊರಿಯರ್ ಮುಟ್ಟಿದ ದಿನ ಸಂಜೆಯೇ ಅಕ್ಕ ಶರಣಮ್ಮನ ಫೋನು ಬಂತು. ನಿಂಗರಾಜ ಆಗಷ್ಟೇ ಜಯನಗರದ ಆಫೀಸಿನಿಂದ ಬಂದು, ಸುದ್ದಗುಂಟೆಪಾಳ್ಯದ ತನ್ನ ಬಾಡಿಗೆ ಮನೆಯ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ಅಕ್ಕ ಹೊಗಳುತ್ತಾಳೆಂದೇ ನಂಬಿ ಮೊಬೈಲನ್ನು ಕಿವಿಗಿಟ್ಟ.

"ಏನ್ ಮಾಡೀಯೋ ಇದನ್ನ?" ಅಂದಳು ಶರಣಮ್ಮ. "ಅವ್ವನ ಮುಖ ನೋಡಾಕ ಆಗವಲ್ದು. ಹಸರಗ ಕಾಣ್ತಾಳ. ನೀರಾಗ ಬಿದ್ದು ನಾಕ ದಿನ ಆದವರಂಗ."

ನಿಂಗರಾಜನಿಗೆ ಅರ್ಥವಾಗಲಿಲ್ಲ. "ಹಸರಗ ಅಂದ್ರ?"

"ಹಸರಗ ಅಂದ್ರ ಹಸರಗ! ಇದನ್ನ ನಾ ಗ್ವಾಡಿಗೆ ಹಾಕಂಗಿಲ್ಲ. ಮತ್ತೊಂದು ಮಾಡಿ ಕಳಸು, ಇಲ್ಲಾ ಅಂದ್ರ ಬಿಟ್ಟಬಿಡು."

ಫೋನು ಇಟ್ಟ ಮೇಲೆ ಅವನು ಒಳಗೆ ಹೋಗಿ, ತನ್ನಲ್ಲಿ ಉಳಿಸಿಕೊಂಡಿದ್ದ ಆ ಫೋಟೋದ ಇನ್ನೊಂದು ಪ್ರತಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದ. ಅವ್ವ ನಗುತ್ತಿದ್ದಳು. ಅವಳ ಮುಖದಲ್ಲಿ ಅವನಿಗೆ ಯಾವ ಹಸಿರೂ ಕಾಣಲಿಲ್ಲ.

ಆ ಚಿತ್ರದ ಹಿಂದೆ ಎರಡು ತಿಂಗಳ ದುಡಿಮೆ ಇತ್ತು. ಅದು ಎರಡು ಸಾವಿರದ ಐದನೇ ಇಸವಿ. ಹೆಂಡತಿ ಮಧುಮತಿ ಚೊಚ್ಚಲ ಹೆರಿಗೆಗೆಂದು ಗದಗಿನ ತವರಿಗೆ ಹೋಗಿದ್ದಳು. ಹೋಗುವ ಮುಂಚೆ ಒಂದು ಮಾತು ಹೇಳಿದ್ದಳು: "ಅತ್ತಿಯವ್ರನ್ನ ನಾ ನೋಡೇ ಇಲ್ಲ. ಕೂಸಿಗೆ ತೋರಸಾಕರ ಒಂದು ಫೋಟೋ ಇರ್ಲಿ." ಅವ್ವ ಕೆಂಚವ್ವ ತೀರಿಕೊಂಡು ಆರು ವರ್ಷವಾಗಿತ್ತು. ಅವಳ ಫೋಟೋ ಅಂತ ಊರಲ್ಲಿ ಇದ್ದದ್ದು ರೇಷನ್ ಕಾರ್ಡಿನ ಮಬ್ಬು ಚಿತ್ರವೊಂದೇ.

ಆದರೆ ನೆಗೆಟಿವ್‌ಗಳಿದ್ದವು. ತೊಂಬತ್ತಾರರಲ್ಲಿ, ನಿಂಗರಾಜನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ, ಅವ್ವ ಎಂಟು ದಿನ ಬಂದು ಬಿಟಿಎಂ ಲೇಔಟಿನ ಅವನ ರೂಮಿನಲ್ಲಿ ಇದ್ದು ಹೋಗಿದ್ದಳು. ರೂಮ್‌ಮೇಟ್ ರವಿಕುಮಾರನ ಕ್ಯಾಮೆರಾದಲ್ಲಿ ಒಂದು ಇಡೀ ರೋಲು ತೆಗೆದಿದ್ದರು. ಮೂವತ್ತಾರರಲ್ಲಿ ಮೂವತ್ತೈದರಲ್ಲೂ ಅವ್ವ ಸಾಲಿನಲ್ಲಿ ನಿಂತವಳ ಹಾಗೆ ಸೆಟೆದು ನಿಂತಿದ್ದಳು. ಬೆನ್ನ ಹಿಂದೆ ಲಾಲ್‌ಬಾಗಿನ ಬಂಡೆ ಹೋಗಿ ಬೇರೆ ಜಾಗ ಬಂದರೂ ಅವಳ ನಿಲುವು ಬದಲಾಗಿರಲಿಲ್ಲ. ಹತ್ತೊಂಬತ್ತನೇ ಫ್ರೇಮಿನಲ್ಲಿ ಮಾತ್ರ, ರೂಮಿನ ತಾರಸಿಯ ಮೇಲೆ ಸಿಮೆಂಟಿನ ನೀರಿನ ಟ್ಯಾಂಕಿಗೆ ಒರಗಿ ಕೂತು, ಗಾಳಿಗೆ ಹಾರಿದ ಸೆರಗನ್ನು ಹಿಡಿಯಲು ಹೋಗಿ ಬಾಯ್ತುಂಬ ನಕ್ಕಿದ್ದಳು. ಪ್ರಿಂಟುಗಳನ್ನೆಲ್ಲ ಅಕ್ಕನ ಮನೆಯಲ್ಲಿ ಗೆದ್ದಲು ತಿಂದಿತ್ತು. ನೆಗೆಟಿವ್ ಮಾತ್ರ ಅವನ ಟ್ರಂಕಿನಲ್ಲಿ, ಹಳೆಯ ಮಾರ್ಕ್ಸ್‌ಕಾರ್ಡುಗಳ ನಡುವೆ ಉಳಿದಿತ್ತು.

ಹತ್ತಿರದ ಸ್ಟುಡಿಯೋದವನು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಿದ್ದ. "ತೇವಕ್ಕೆ ಬೂಸ್ಟು ಬಂದ್ಬಿಟ್ಟಿದೆ ಸಾರ್. ಮುಖದ ಮೇಲೇ ಗೀರು ಬೇರೆ ಇದೆ. ಪ್ರಿಂಟ್ ಹಾಕಿದ್ರೆ ನೀವೇ ಬೈತೀರ."

ನಿಂಗರಾಜ ಕೆಲಸ ಮಾಡುತ್ತಿದ್ದದ್ದು ವಿಮಾ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ ಏರಿಸುವ ಆಫೀಸಿನಲ್ಲಿ. ದಿನವೂ ಸಾವಿರಾರು ಹಾಳೆ, ಎಲ್ಲವೂ ಕಪ್ಪು ಬಿಳುಪು. ಸ್ಕ್ಯಾನರಿನ ಗುಣ ಸ್ವಭಾವ ತನಗೆ ಗೊತ್ತು, ಗೀರು ಬೂಸ್ಟುಗಳನ್ನು ಕಂಪ್ಯೂಟರಿನಲ್ಲಿ ಕೂತು ತಾನೇ ಅಳಿಸಬಲ್ಲೆ ಅನ್ನಿಸಿತು. ಜಯನಗರ ಕಾಂಪ್ಲೆಕ್ಸಿನ ಹತ್ತಿರ ಬಾಗಿಲು ಮುಚ್ಚುತ್ತಿದ್ದ ಡಿಟಿಪಿ ಅಂಗಡಿಯೊಂದರಿಂದ ಹಳೆಯ ಸ್ಕ್ಯಾನರ್ ತಂದ. ಅದರ ಮುಚ್ಚಳದಲ್ಲೇ ಫಿಲ್ಮಿಗೆ ಬೇಕಾದ ದೀಪವಿತ್ತು.

ಮೊದಮೊದಲು ಒಂದೂ ನೆಟ್ಟಗೆ ಬರಲಿಲ್ಲ. ಮೊದಲ ದಿನ ಅವ್ವ ಎಡಬಲ ತಿರುಗಿ ಕೂತಳು. ಫಿಲ್ಮಿನ ಹೊಳಪಿನ ಮೈ ಯಾವುದು, ಮಂಕು ಮೈ ಯಾವುದು ಅಂತ ಆಮೇಲೆ ತಿಳಿಯಿತು. ಎರಡನೇ ಸಲ ಚಿತ್ರದ ಮೇಲೆಲ್ಲ ಎಣ್ಣೆ ತೇಲಿದಂಥ ಬಳೆಬಳೆ ಗುರುತು. ಫಿಲ್ಮು ಸುರುಳಿಯಾಗಿ ಗಾಜಿಗೆ ತಾಗುವುದೇ ಅದಕ್ಕೆ ಕಾರಣವೆಂದು ಸೈಬರ್ ಕೆಫೆಯಲ್ಲಿ ಕೂತು ಓದಿಕೊಂಡ. ದಪ್ಪ ಪುಸ್ತಕಗಳ ನಡುವೆ ವಾರ ಇಟ್ಟು ಫಿಲ್ಮನ್ನು ಚಪ್ಪಟೆ ಮಾಡಿದ, ರಟ್ಟಿನ ಚೌಕಟ್ಟು ಕತ್ತರಿಸಿ ಗಾಜಿನಿಂದ ಕೂದಲೆಳೆಯಷ್ಟು ಮೇಲೆತ್ತಿದ. ದೀಪ ಹತ್ತಿಸಿದ ತಕ್ಷಣ ಸ್ಕ್ಯಾನ್ ಮಾಡಿದರೆ ಒಂದು ಪಕ್ಕ ಕಪ್ಪಾಗುತ್ತಿತ್ತು. ಅರ್ಧ ಗಂಟೆ ಉರಿಯಲು ಬಿಟ್ಟರೆ ಸರಿಹೋಗುತ್ತಿತ್ತು. ಧೂಳಿಗೆ ಫ್ಯಾನು ಆರಿಸಿ, ನೆಲಕ್ಕೆ ನೀರು ಚಿಮುಕಿಸಿ, ಬನಿಯನ್ನಿನಲ್ಲಿ ಕೂತು ಕೆಲಸ ಮಾಡಿದ. ಗೀರು, ಬೂಸ್ಟಿನ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಲು ಆರು ಭಾನುವಾರ ಹೋಗಿದ್ದವು.

ಕೊನೆಗೆ ಉಳಿದದ್ದು ಬಣ್ಣ. ಕಂಪ್ಯೂಟರು ತಾನಾಗಿ ಕೊಟ್ಟ ಬಣ್ಣ ಅವನಿಗೆ ಒಪ್ಪಿಗೆಯಾಗಲಿಲ್ಲ. ಅವ್ವನ ಸೀರೆ ಅವನ ನೆನಪಿನಲ್ಲಿದ್ದಂತೆ ಇರಲಿಲ್ಲ. ಬಣ್ಣ ಏರಿಳಿಸುವ ಸ್ಲೈಡರುಗಳನ್ನು ಹಿಂದೆ ಮುಂದೆ ಎಳೆಯುತ್ತ, ಕಣ್ಣು ಮುಚ್ಚಿ ಆ ಮಧ್ಯಾಹ್ನವನ್ನು ನೆನೆಯುತ್ತ, ಮತ್ತೆ ಎಳೆಯುತ್ತ, ಹೌದು ಇದೇ ಅವ್ವ ಅನ್ನಿಸಿದಾಗ ನಿಲ್ಲಿಸಿದ್ದ. ಅಕ್ಕನಿಗೆ ಕಳಿಸಿದ್ದು ಅದನ್ನೇ.

ಅಕ್ಕನ ಮಾತಿನ ಮೇಲೆ ಅವನು ತಪ್ಪು ಹುಡುಕಲು ಕೂತ. ಮಾನಿಟರ್ ಹಳೆಯದು, ಅದರ ಮೇಲೆ ಅನುಮಾನ ಬಂತು. ಆಫೀಸಿನ ಕಂಪ್ಯೂಟರಿನಲ್ಲಿ ಹಾಕಿ ನೋಡಿದ, ಅಲ್ಲೂ ಅವ್ವ ಹಾಗೇ ಇದ್ದಳು. ಪ್ರಿಂಟ್ ಹಾಕಿದವನ ಮೇಲೆ ಅನುಮಾನ ಬಂತು. ಬೇರೆ ಅಂಗಡಿಯಲ್ಲಿ ಹಾಕಿಸಿದ. ಬಣ್ಣದ ನೆಗೆಟಿವ್ ಮೈಗೆ ಕಿತ್ತಳೆ ಛಾಯೆ ಇರುತ್ತದೆ, ಅದನ್ನು ಸರಿಯಾಗಿ ಕಳೆಯದಿದ್ದರೆ ಚಿತ್ರ ಕೆಡುತ್ತದೆ ಎಂದು ಓದಿ, ಫಿಲ್ಮಿನ ಖಾಲಿ ತುದಿಯನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ ಆ ಛಾಯೆಯನ್ನು ಕಳೆದ. ಅಷ್ಟಾದ ಮೇಲೂ ಬಣ್ಣವನ್ನು ತನ್ನ ಕಣ್ಣಿಗೆ ಹಿಡಿಸುವವರೆಗೆ ತಿದ್ದದೆ ಅವನ ಕೈ ಸುಮ್ಮನಿರಲಿಲ್ಲ.

ಹೊಸ ಪ್ರಿಂಟನ್ನು ಮೊದಲು ನೋಡಿದವರು ಮನೆಯ ಓನರ್ ಗೌರಮ್ಮ. ಆ ಪಾಳ್ಯದಲ್ಲೇ ಹುಟ್ಟಿ ಬೆಳೆದವರು. ಒಂದು ಕಾಲದಲ್ಲಿ ರಾಗಿ ಬೆಳೆದ ಹೊಲದ ಮೇಲೇ ಈಗ ಅವರ ಮೂರಂತಸ್ತಿನ ಮನೆ ನಿಂತಿತ್ತು. ತಾರಸಿಗೆ ಹುಣಸೆಹಣ್ಣು ಒಣಹಾಕಲು ಬಂದವರು, ನಿಂಗರಾಜನ ಕೈಯಲ್ಲಿದ್ದ ಚಿತ್ರವನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದರು.

"ನಿಮ್ಮಮ್ಮನಾ? ಪಾಪ, ಎಷ್ಟು ಚೆನ್ನಾಗಿ ನಗ್ತಾವ್ರೆ." ಚಿತ್ರವನ್ನು ಇನ್ನಷ್ಟು ಹತ್ತಿರ ಹಿಡಿದು, ಮೆಲ್ಲಗೆ ಕೇಳಿದರು. "ಆವಾಗ ಏನಾದ್ರೂ ಕಾಮಾಲೆ ಆಗಿತ್ತೇನಪ್ಪಾ?"

ನಿಂಗರಾಜನಿಗೆ ಮುಖಕ್ಕೆ ಹೊಡೆದಂತಾಯಿತು. "ಇಲ್ಲ ಆಂಟಿ. ಯಾಕೆ?"

"ಹಂಗಲ್ಲ, ಮುಖ ಎಲ್ಲಾ ಒಂಥರಾ ಇದೆ. ಸೊಪ್ಪಿನ ರಸ ಬಳ್ದಂಗೆ. ಬೇಜಾರು ಮಾಡ್ಕೋಬೇಡ, ಕಂಡಿದ್ದು ಹೇಳ್ದೆ."

ಅವತ್ತು ಅವನು ಊಟ ಮಾಡಲಿಲ್ಲ. ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ಕಂಡವರಲ್ಲ, ಒಂದೇ ಮಾತು ಹೇಳಿದ್ದರು.

ಆಫೀಸಿನಲ್ಲಿ ಯಾರೋ ಕತ್ರಿಗುಪ್ಪೆಯ ಒಂದು ಕಲರ್ ಲ್ಯಾಬಿನ ಹೆಸರು ಹೇಳಿದರು. ಅಲ್ಲಿಯ ಕರಿಬಸವಯ್ಯ ಮೂವತ್ತು ವರ್ಷದಿಂದ ಬಣ್ಣದ ಪ್ರಿಂಟು ಹಾಕುತ್ತಿರುವವರು, ಅವರಿಗೆ ತೋರಿಸಿದರೆ ರೋಗ ಎಲ್ಲಿದೆ ಅಂತ ಹೇಳುತ್ತಾರೆ ಅಂದರು. ಶನಿವಾರ ಮಧ್ಯಾಹ್ನ ನಿಂಗರಾಜ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದ.

ಲ್ಯಾಬಿನಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ರೋಲು ತರುವವರು ಕಡಿಮೆಯಾಗಿದ್ದರು. ಕರಿಬಸವಯ್ಯ ಅರವತ್ತು ದಾಟಿದ, ತೆಳ್ಳಗಿನ ಮನುಷ್ಯ. ಔಷಧದ ವಾಸನೆಯ ನಡುವೆ ಕೂತು ಪೇಪರು ಓದುತ್ತಿದ್ದರು. ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಿಂದ ನೋಡಿದರು. ಆಮೇಲೆ ಪ್ರಿಂಟು ನೋಡಿದರು. ಮತ್ತೆ ನೆಗೆಟಿವ್ ನೋಡಿದರು.

"ಸ್ಕ್ಯಾನ್ ಯಾರು ಮಾಡಿದ್ದು?"

"ನಾನೇ ಸಾರ್, ಮನೇಲಿ."

"ಸಖತ್ತಾಗಿ ಮಾಡಿದೀರಿ. ಧೂಳಿಲ್ಲ, ಗೀರಿಲ್ಲ. ಇಷ್ಟು ಬೂಸ್ಟು ತೆಗೆಯೋಕೆ ನನ್ನ ಕೈಲಾಗ್ತಿರ್ಲಿಲ್ಲ." ಹೇಳಿ, ಕನ್ನಡಕ ತೆಗೆದರು. "ಬಣ್ಣ?"

"ಅದೂ ನಾನೇ."

"ಹೂಂ." ಕರಿಬಸವಯ್ಯ ಎದ್ದು ಹೋಗಿ ಗೋಡೆಗೆ ತಗುಲಿಸಿದ್ದ ಒಂದು ಹಳೆಯ ರಟ್ಟನ್ನು ತಂದು ಮೇಜಿನ ಮೇಲಿಟ್ಟರು. ಅದರ ಮೇಲೆ ಒಬ್ಬಳೇ ಹುಡುಗಿಯ ಒಂದೇ ಚಿತ್ರ ಏಳು ಸಲ ಅಂಟಿಸಿತ್ತು. ನಡುವೆ ಒಂದು, ಸುತ್ತ ಆರು. "ಇದು ಹೊಸಬರಿಗೆ ಕಲಿಸೋದಕ್ಕೆ ಇಟ್ಕೊಂಡಿದ್ದು. ನಡುವಿನ ಚಿತ್ರ ಮುಚ್ಚಿಬಿಡ್ತೀನಿ. ಉಳಿದ ಆರರಲ್ಲಿ ಒಂದೊಂದರಲ್ಲೂ ಒಂದೊಂದು ಬಣ್ಣ ಜಾಸ್ತಿ ಇದೆ. ನೀಲಿ ಜಾಸ್ತಿ ಇರೋದು ಯಾವುದು, ತೋರ್ಸಿ."

ನಿಂಗರಾಜ ತಕ್ಷಣ ತೋರಿಸಿದ.

"ಸರಿ. ಹಳದಿ?"

ಅದನ್ನೂ ತೋರಿಸಿದ.

"ಹಸಿರು ಜಾಸ್ತಿ ಇರೋದು?"

ನಿಂಗರಾಜನ ಬೆರಳು ಗಾಳಿಯಲ್ಲಿ ನಿಂತಿತು. ಬಗ್ಗಿ ನೋಡಿದ. ಉಳಿದ ನಾಲ್ಕರಲ್ಲಿ ಎರಡು ಅವನಿಗೆ ಒಂದೇ ಥರ ಕಾಣುತ್ತಿದ್ದವು. ಮೂರನೆಯದು ಸ್ವಲ್ಪ ಬೇರೆ ಅನ್ನಿಸಿತು, ಆದರೆ ಹೇಗೆ ಬೇರೆ ಅಂತ ಹೇಳಲಾಗಲಿಲ್ಲ. ಊಹಿಸಿ ಒಂದನ್ನು ಮುಟ್ಟಿದ.

ಕರಿಬಸವಯ್ಯ ನಡುವಿನ ಚಿತ್ರದ ಮೇಲಿನ ಕೈ ತೆಗೆದರು. "ಇದು ಸರಿಯಾದ ಬಣ್ಣದ್ದು. ಇದಕ್ಕೂ, ಪಕ್ಕದಲ್ಲಿರೋ ಇದಕ್ಕೂ ವ್ಯತ್ಯಾಸ ಕಾಣುತ್ತಾ?"

"ಎರಡೂ ಒಂದೇ ಅಲ್ವಾ ಸಾರ್?"

ಮುದುಕರು ಅವನ ಮುಖ ನೋಡಿದರು. ಮಾತಾಡಿದಾಗ ಅವರ ದನಿ ಮೊದಲಿಗಿಂತ ಮೆತ್ತಗಿತ್ತು. "ಪಕ್ಕದ್ದರಲ್ಲಿ ಆ ಹುಡುಗಿ ಎಲೆ ಹಸಿರು ಇದಾಳೆ ಸ್ವಾಮಿ. ರಸ್ತೆ ಆಚೆಯಿಂದಲೇ ಗೊತ್ತಾಗುತ್ತೆ. ನಿಮ್ಮ ಸ್ಕ್ಯಾನರು ಚೆನ್ನಾಗಿದೆ, ಫಿಲ್ಮೂ ಚೆನ್ನಾಗಿದೆ. ಒಂದ್ಸಲ ಕಣ್ಣಿನ ಡಾಕ್ಟ್ರಿಗೆ ತೋರ್ಸ್ಕೊಳ್ಳಿ."

ಡಾಕ್ಟರು ಚುಕ್ಕೆಗಳಿಂದ ತುಂಬಿದ ಹಾಳೆಗಳ ಪುಸ್ತಕ ತೆರೆದು, ಚುಕ್ಕೆಗಳ ನಡುವೆ ಯಾವ ಅಂಕಿ ಇದೆ ಅಂತ ಕೇಳಿದರು. ಮೊದಲ ಪುಟದಲ್ಲಿ ಹನ್ನೆರಡು ಕಂಡಿತು. ಆಮೇಲಿನ ಪುಟಗಳಲ್ಲಿ ಬರೀ ಚುಕ್ಕೆ. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಶಾಲೆಯ ಹುಡುಗಿಯೊಬ್ಬಳು ಬಗ್ಗಿ ನೋಡಿ "ಎಪ್ಪತ್ನಾಲ್ಕು" ಅಂದಳು, ಅವಳಮ್ಮ ಅವಳ ತೋಳು ಜಗ್ಗಿದಳು.

"ಹುಟ್ಟಿನಿಂದ ಬಂದಿರೋದು," ಅಂದರು ಡಾಕ್ಟರು. "ಕೆಂಪು ಹಸಿರಿನ ವ್ಯತ್ಯಾಸ ನಿಮಗೆ ಸರಿಯಾಗಿ ತಿಳಿಯಲ್ಲ. ರೋಗ ಅಲ್ಲ, ಜಾಸ್ತಿಯಾಗಲ್ಲ, ಔಷಧಾನೂ ಇಲ್ಲ. ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಾ?"

"ಇಲ್ಲ ಸಾರ್."

"ಬಹಳ ಜನಕ್ಕೆ ಗೊತ್ತಾಗಲ್ಲ. ಗಂಡುಮಕ್ಕಳಿಗೆ ಇದು ತಾಯಿ ಕಡೆಯಿಂದ ಬರುತ್ತೆ. ತಾಯಿಗೆ ಬಣ್ಣ ಸರಿಯಾಗೇ ಕಾಣುತ್ತೆ, ಮಗನಿಗೆ ದಾಟಿಸ್ತಾರೆ, ಅಷ್ಟೆ. ನಿಮ್ಮ ಸೋದರಮಾವಂದಿರಲ್ಲಿ ಯಾರಿಗಾದ್ರೂ ಇದೆಯಾ, ಕೇಳಿ ನೋಡಿ."

ಆಸ್ಪತ್ರೆಯಿಂದ ಹೊರಗೆ ಬಂದು ನಿಂಗರಾಜ ಜಯನಗರದ ಮರಗಳ ಕೆಳಗೆ ಸುಮ್ಮನೆ ನಡೆದ. ಹೂವಿನ ಬುಟ್ಟಿ, ಸೀರೆ ಅಂಗಡಿಯ ಗಾಜು, ಹಣ್ಣಿನ ಗಾಡಿ, ಒಂದೊಂದನ್ನೂ ನಿಂತು ನೋಡಿದ. ಎಲ್ಲವೂ ನಿನ್ನೆ ಇದ್ದ ಹಾಗೇ ಇದ್ದವು, ಅದೇ ಅವನಿಗೆ ತಡೆಯದಾಯಿತು. ಮೂವತ್ತಮೂರು ವರ್ಷ ತಾನು ಕಂಡದ್ದನ್ನೇ ಊರೆಲ್ಲ ಕಾಣುತ್ತಿದೆ ಅಂದುಕೊಂಡಿದ್ದ.

ಮಧುಮತಿಗೆ ಫೋನಿನಲ್ಲಿ ಹೇಳಿದ. "ಅದಕ್ಕ ಏನ್ರೀ ನೀವು ಯಾವಾಗ ನೋಡಿದ್ರೂ ದೋರಗಾಯಿ ಟೊಮ್ಯಾಟೋ ತರೂದು?" ಅಂದಳು. "ನಾ ಎಷ್ಟು ಜಗಳ ಮಾಡೀನಿ! ನೋಡಿ ತರಾಕ ಬ್ಯಾಸರ ಇವ್ರಿಗೆ ಅನ್ಕೊಂಡಿದ್ದೆ." ನಗು ಬಂತು ಅವಳಿಗೆ, ನಗುತ್ತಲೇ ಅಳುವೂ ಬಂತು. ಮೂಗು ಸೇದಿ ಕೇಳಿದಳು. "ಕೂಸಿಗೆ?"

"ಗಂಡಾದ್ರ ನನ್ನಿಂದ ಬರಂಗಿಲ್ಲಂತ. ಹೆಣ್ಣಾದ್ರ ಅಕಿಗೆ ಎಲ್ಲಾ ಛಲೋ ಕಾಣ್ತೈತಂತ, ಅಕಿ ಹೊಟ್ಟೀಲೆ ಹುಟ್ಟಿದ ಗಂಡಿಗೆ ಬಂದ್ರ ಬರಬಹುದಂತ."

"ಹಂಗಾದ್ರ ಏನೂ ಆಗಿಲ್ಲ ತಗೋರಿ," ಅಂದಳು ಮಧುಮತಿ.

ಸೋದರಮಾವ ಭೀಮರಾಯನಿಗೆ ಅವನು ಫೋನು ಮಾಡಿದ್ದು ನಾಲ್ಕು ದಿನ ಬಿಟ್ಟು. ಅಣ್ಣಿಗೇರಿಯ ಹತ್ತಿರದ ಹಳ್ಳಿಯಲ್ಲಿ ಮಾವ ತನ್ನ ಒಬ್ಬನೇ ಮಗನ ಜೊತೆ ಇದ್ದ. ಕಿವಿ ಸ್ವಲ್ಪ ಮಂದ. ನಿಂಗರಾಜ ಎರಡೆರಡು ಸಲ ಕೂಗಿ ಹೇಳಬೇಕಾಯಿತು. ವಿಷಯ ತಿಳಿದದ್ದೇ ಮಾವ ಗಟ್ಟಿಯಾಗಿ ನಕ್ಕ.

"ಈಗ ಗೊತ್ತಾತೇನು ನಿನಗ? ನನಗೂ ಅದ ಐತಲ್ಲೋ! ಸಣ್ಣಾಂವ ಇದ್ದಾಗ ಮೆಣಸಿನಕಾಯಿ ಬಿಡಸಾಕ ಹೋದ್ರ ಹಣ್ಣಗಾಯಿ ಯಾವ್ದು, ಹಸೀಕಾಯಿ ಯಾವ್ದು ಒಂದೂ ತಿಳೀತಿದ್ದಿಲ್ಲ. ಹಿಚುಕಿ ನೋಡಿ ಬಿಡಸ್ತಿದ್ದೆ. ಹಸೀಕಾಯಿ ಬೆರತ್ರ ಒಣಗಿದ ಮ್ಯಾಲೆ ಬೆಳ್ಳಗಾಗಿ ರಾಶಿ ಕೆಡ್ತಿತ್ತು, ಹೊಲದ ಧಣಿ ಬಾಯಿಗೆ ಬಂದಂಗ ಬೈತಿದ್ದ. ನಿಮ್ಮವ್ವ ನನ್ನ ಸಾಲಿನಾಗ ಹಿಂದಿಂದ ಬಂದು ನನ್ನ ಚೀಲ ಆರಿಸಿ ಕೊಡ್ತಿದ್ಲು."

"ಅವ್ವಗ ಗೊತ್ತಿತ್ತೇನು ನನಗೂ ಐತಿ ಅಂತ?"

"ಗೊತ್ತಿಲ್ದ ಏನು? ನೀ ಎಂಟ ವರ್ಷದಾಂವ ಇದ್ದಿ. ಮೊದಲ್ನೇ ದಿನ ಹೊಲಕ್ಕ ಕರ್ಕೊಂಡು ಹೋಗಿ, ನಿನ್ನ ಉಡ್ಯಾಗ ಹಣ್ಣು ಹಸೀದು ಎಲ್ಲಾ ಬೆರತದ್ದು ನೋಡಿ, ಸಂಜೀಕ ನನ್ನ ಹತ್ರ ಬಂದು ಅತ್ಲು. 'ಭೀಮಾ, ನಿನ್ನ ಕಣ್ಣು ಇವಗೂ ಬಂದಾವು' ಅಂದ್ಲು. ಯಾರಿಗೂ ಹೇಳಬ್ಯಾಡ, ಮಂದಿ ಆಡ್ಕೋತಾರ, ನಾಳೆ ಹೆಣ್ಣು ಕೊಡಂಗಿಲ್ಲ ಅಂತ ಆಣಿ ಹಾಕಿಸ್ಕೊಂಡ್ಲು. ಆಮ್ಯಾಲೆ ನಿನ್ನ ಹೊಲಕ್ಕ ಕಳಸ್ಲೇ ಇಲ್ಲ. ಸಾಲೀಗೆ ಹೋಗ್ಲಿ ಇಂವಾ, ಇವನ ಕೈ ಹೊಲದಾಗ ಓಡಂಗಿಲ್ಲ ಅಂತ ನಿಮ್ಮಪ್ಪನ ಕೂಡ ಹಟಾ ಹಿಡಿದ್ಲು."

ನಿಂಗರಾಜನಿಗೆ ಆ ಮಾತು ನೆನಪಿತ್ತು. ಇವನ ಕೈ ಹೊಲದಾಗ ಓಡಂಗಿಲ್ಲ. ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡಿದ್ದ ಹುಡುಗ, ಅವ್ವನಿಗೆ ತಾನು ಕೆಲಸಕ್ಕೆ ಬಾರದವನು ಎಂದೇ ತಿಳಿದಿದ್ದ. ಓದಿ, ಕೆಲಸ ಹಿಡಿದು, ಅವಳನ್ನು ಬೆಂಗಳೂರಿಗೆ ಕರೆಸಿಕೊಂಡಾಗಲೂ ಆ ಮಾತು ಮನಸ್ಸಿನ ಯಾವುದೋ ಮೂಲೆಯಲ್ಲಿ ಕೂತೇ ಇತ್ತು. ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಲು ಅವಳಿರಲಿಲ್ಲ.

ಮುಂದಿನ ಶನಿವಾರ ಮತ್ತೆ ಕತ್ರಿಗುಪ್ಪೆಗೆ ಹೋದ. "ನಾನು ಈ ಚಿತ್ರ ನಿಮಗೇ ಬಿಟ್ಟುಬಿಡ್ತೀನಿ ಸಾರ್. ಬಣ್ಣ ನೀವೇ ಹಾಕ್ಕೊಡಿ," ಅಂದ.

ಕರಿಬಸವಯ್ಯ ಒಪ್ಪಲಿಲ್ಲ. "ಇಷ್ಟು ದೂರ ಬಂದು ಬಿಡ್ತಾರೇನ್ರಿ? ಕಣ್ಣು ಬೇಡ, ಅಂಕಿ ಇದೆಯಲ್ಲ. ನಿಮ್ಮ ಕಂಪ್ಯೂಟರಲ್ಲಿ ಒಂದು ಜಾಗ ಮುಟ್ಟಿದ್ರೆ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಅಂತ ಮೂರು ಅಂಕಿ ತೋರ್ಸುತ್ತೆ. ಚಿತ್ರದಲ್ಲಿ ಯಾವ ಬಣ್ಣವೂ ಇಲ್ಲದ ವಸ್ತು ಒಂದು ಹುಡುಕಿ. ಸಿಮೆಂಟು, ಸ್ಟೀಲು, ಸುಣ್ಣ, ಏನಾದ್ರೂ. ಅಲ್ಲಿ ಮೂರೂ ಅಂಕಿ ಸಮ ಬರೋ ಹಂಗೆ ಮಾಡಿ. ಉಳಿದಿದ್ದೆಲ್ಲ ತಾನಾಗೇ ತನ್ನ ಜಾಗಕ್ಕೆ ಬಂದು ಕೂರುತ್ತೆ."

"ಸಿಮೆಂಟ್ ಟ್ಯಾಂಕಿದೆ ಸಾರ್, ಹಿಂದೆ."

"ಬಿಸಿಲಲ್ಲಿರೋ ಭಾಗ ತಗೊಳ್ಳಿ. ನೆರಳಲ್ಲಿರೋದನ್ನ ನಂಬಬೇಡಿ, ಅದು ಆಕಾಶದ ನೀಲಿ ಕುಡಿದಿರುತ್ತೆ."

ಭಾನುವಾರ ಬೆಳಿಗ್ಗೆ ನಿಂಗರಾಜ ಎಲ್ಲವನ್ನೂ ಮೊದಲಿನಿಂದ ಮಾಡಿದ. ತಾನು ತಿದ್ದಿದ್ದ ಬಣ್ಣವನ್ನೆಲ್ಲ ತೆಗೆದುಹಾಕಿ, ಚುಕ್ಕೆ ಗೀರು ಅಳಿಸಿದ ಚಿತ್ರವನ್ನಷ್ಟೇ ಇಟ್ಟುಕೊಂಡ. ಟ್ಯಾಂಕು ನೋಡಿದ, ಅದರ ಮೇಲೆಲ್ಲ ಪಾಚಿಯ ಕಲೆ ಇರಬಹುದು, ಇದ್ದರೂ ತನಗೆ ತಿಳಿಯುವುದಿಲ್ಲ ಅನ್ನಿಸಿ ಅದನ್ನು ಬಿಟ್ಟ. ಚಿತ್ರದ ಮೂಲೆಮೂಲೆ ಹುಡುಕಿದ ಮೇಲೆ ಅವನ ಕಣ್ಣು ಅವ್ವನ ಹಣೆಗೆ ಬಂತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ನೇರ ಬಿಸಿಲಿನಲ್ಲಿ. ಬೂದಿಗೆ ಬಣ್ಣವಿಲ್ಲ.

ಚಿತ್ರವನ್ನು ದೊಡ್ಡದು ಮಾಡಿ, ವಿಭೂತಿಯ ಗಟ್ಟಿ ಗೆರೆಯೊಂದರ ಮೇಲೆ ಬಾಣದ ಗುರುತಿಟ್ಟ. ಕೆಂಪು ನೂರಾ ತೊಂಬತ್ತೆಂಟು, ಹಸಿರು ಇನ್ನೂರಾ ಹನ್ನೊಂದು, ನೀಲಿ ನೂರಾ ಎಂಬತ್ತೊಂಬತ್ತು. ಪರದೆಯ ಮೇಲಿನ ಮುಖವನ್ನು ನೋಡಬಾರದೆಂದು ಅದರ ಮೇಲೆ ಒಂದು ಹಾಳೆ ಅಂಟಿಸಿದ. ನೋಡಿದರೆ ಮತ್ತೆ ತನಗೆ ಬೇಕಾದ ಕಡೆಗೆ ಕೈ ಎಳೆಯುತ್ತದೆಂದು ಗೊತ್ತಿತ್ತು. ಬರೀ ಅಂಕಿ ನೋಡುತ್ತ ಒಂದೊಂದೇ ಸ್ಲೈಡರನ್ನು ತಳ್ಳಿದ. ಮೂರೂ ಇನ್ನೂರರ ಹತ್ತಿರ ಬಂದು ಸಮನಾದಾಗ ಹಾಳೆ ಕಿತ್ತ. ಅವನಿಗೆ ಮೊದಲಿಗಿಂತ ದೊಡ್ಡ ಬದಲಾವಣೆಯೇನೂ ಕಾಣಲಿಲ್ಲ. ಸೀರೆ ತನ್ನ ನೆನಪಿನದಲ್ಲ ಅನ್ನಿಸಿ ಬೆರಳು ಸ್ಲೈಡರಿನ ಕಡೆ ಹೋಯಿತು. ಕೈ ಹಿಂತೆಗೆದು, ಕೆಳಗಿಳಿದು ಹೋಗಿ ಗೌರಮ್ಮನನ್ನು ಕರೆದ.

ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದರು. ಪರದೆಯ ಮುಂದೆ ನಿಂತವರು ಹಾಗೇ ಕುರ್ಚಿ ಎಳೆದುಕೊಂಡು ಕೂತರು.

"ಅಯ್ಯೋ, ಇವ್ರಾ ನಿಮ್ಮಮ್ಮ? ಆವತ್ತಿನವ್ರೇ ಬೇರೆ, ಇವ್ರೇ ಬೇರೆ ಕಣಪ್ಪ!"

"ಮುಖ ಸರಿ ಇದೆಯಾ ಆಂಟಿ? ನನಗೆ ಗೊತ್ತಾಗಲ್ಲ, ನನ್ನ ಕಣ್ಣಲ್ಲಿ ದೋಷ ಇದೆ. ನೀವೇ ಹೇಳ್ಬೇಕು." ಹೀಗೆ ಬಾಯಿಬಿಟ್ಟು ಹೇಳಿದ್ದು ಹೆಂಡತಿ, ಮಾವನ ನಂತರ ಇವರೊಬ್ಬರಿಗೇ. ಹೇಳಿದ್ದು ಅಂಥ ಕಷ್ಟವೇನೂ ಆಗಲಿಲ್ಲ.

ಗೌರಮ್ಮ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಕತ್ತು ಓರೆ ಮಾಡಿ ನೋಡಿದರು. "ಚೂರು ಕೆಂಪಾಗಿದೆ ಅನ್ಸುತ್ತೆ. ಬಿಸಿಲಲ್ಲಿ ಕೆಲಸ ಮಾಡಿರೋ ಮುಖ ಅಲ್ವಾ, ಇಷ್ಟು ಗುಲಾಬಿ ಇರಲ್ಲ. ಕಮ್ಮಿ ಮಾಡು. ಇನ್ನೂ ಚೂರು. ಸಾಕು ಸಾಕು, ನಿಲ್ಸು! ಒಂಚೂರು ವಾಪಸ್ ಬಾ. ಹಾಂ, ಅಲ್ಲೇ."

ಅಲ್ಲೇ ಅವನು ನಿಲ್ಲಿಸಿದ. ಆ ವಾರ ಕರಿಬಸವಯ್ಯ ಪ್ರಿಂಟು ಹಾಕಿಕೊಟ್ಟರು. ತಾವೇನೂ ತಿದ್ದಲಿಲ್ಲ ಎಂದು ಎರಡು ಸಲ ಹೇಳಿದರು.

ಮಧುಮತಿ ಹೆಣ್ಣು ಹೆತ್ತಳು. ಐದು ತಿಂಗಳು ತುಂಬಿದ ಮೇಲೆ ಕೂಸನ್ನು ಬೆಂಗಳೂರಿಗೆ ಕರೆತಂದಾಗ ಜೊತೆಗೆ ಶರಣಮ್ಮನೂ ಬಂದಳು. ಬಾಗಿಲಲ್ಲಿ ಆರತಿ ಎತ್ತಿ, ಕೂಸನ್ನು ತೊಟ್ಟಿಲಿಗೆ ಹಾಕಿ, ಮಧುಮತಿ ಒಳಗೆ ಮಲಗಿದ ಮೇಲೆ, ಶರಣಮ್ಮ ನಡುಮನೆಗೆ ಬಂದು, ಅವ್ವನ ಹೊಸ ಫೋಟೋ ಹಾಕಿದ್ದ ಗೋಡೆಯ ಮುಂದೆ ನಿಂತಳು. ನಿಂಗರಾಜ ಫೋಟೋ ನೋಡಲಿಲ್ಲ, ಅಕ್ಕನ ಮುಖ ನೋಡಿದ. ಅದರಲ್ಲಿ ಉತ್ತರವಿತ್ತು. ಅವಳು ಕೈ ಮುಂದೆ ಮಾಡಿ ಅವ್ವನ ಕೆನ್ನೆಯ ಹತ್ತಿರ ಗಾಜನ್ನು ಮುಟ್ಟಿದಳು.

ಅವತ್ತು ಅವಳಿಗೆ ಎಲ್ಲವನ್ನೂ ಹೇಳಿದ. ಲ್ಯಾಬಿನ ರಟ್ಟು, ಡಾಕ್ಟರ ಪುಸ್ತಕ, ಮಾವನ ಮಾತು. ಅವ್ವ ತನ್ನನ್ನು ಹೊಲದಿಂದ ಬಿಡಿಸಿ ಶಾಲೆಗೆ ಕಳಿಸಿದ್ದು ಯಾಕೆ ಅನ್ನುವುದನ್ನೂ ಹೇಳಿದ. ಅಕ್ಕನಿಗೆ ಸಂತೋಷವಾಗುತ್ತದೆಂದು ತಿಳಿದಿದ್ದ. ಶರಣಮ್ಮ ಗೋಡೆಗೆ ಒರಗಿ ಕೆಳಗೆ ಕೂತಳು.

"ಐದನೇತ್ತ ಪಾಸಾಗಿದ್ದೆ ನಾನು," ಅಂದಳು. "ಮಾಸ್ತರು ಮನೀತನಕ ಬಂದು ಹೇಳಿದ್ರು, ಈ ಹುಡುಗೀನ ಬಿಡಸಬ್ಯಾಡ್ರಿ ಅಂತ. ಅವ್ವ ಕೇಳ್ಲಿಲ್ಲ. ಹೊಲದಾಗ ನಿನ್ನ ಮೆಣಸಿನಕಾಯಿ ಸಾಲೂ ನಾನ ಬಿಡಿಸಿದೆ, ನನ್ನ ಸಾಲೂ ನಾನ ಬಿಡಿಸಿದೆ. ಕೈ ಉರದು ರಾತ್ರಿ ನಿದ್ದಿ ಬರ್ತಿದ್ದಿಲ್ಲ. ಗಂಡುಮಗ ಅಂತ ನಿನ್ನ ಕೂಡಿಸಿ ಉಣಸ್ತಾಳ ಅಂತ ಸಾಯೋತನಕ ಅಕಿ ಮ್ಯಾಲೆ ಸಿಟ್ಟಿತ್ತು ನನಗ. ಮಗಳಿಗೆ ಒಂದು ಮಾತು ಹೇಳಿದ್ರ ಏನಾಗ್ತಿತ್ತು ಅಕಿಗೆ? ನಾ ಯಾರ ಮುಂದ ಆಡ್ತಿದ್ದೆ?"

ಅವ್ವ ತನಗಾಗಿ ಮಾಡಿದ್ದನ್ನು ನಿಂಗರಾಜ ಇಷ್ಟು ದಿನ ಒಬ್ಬನೇ ಎತ್ತಿ ಎತ್ತಿ ನೋಡಿ ಹಿಗ್ಗಿದ್ದ. ಅದು ಯಾರ ಬೆನ್ನಿನ ಮೇಲೆ ನಿಂತಿತ್ತು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

"ತಪ್ಪಾತಕ್ಕ," ಅಂದ.

"ನಿಂದೇನು ತಪ್ಪು? ನೀ ಎಂಟ ವರ್ಷದಾಂವ." ಶರಣಮ್ಮ ಕಣ್ಣೊರೆಸಿಕೊಂಡಳು. "ಅಕೀದು ತಪ್ಪು ಅನ್ನಾಕ ಬಾಯಿ ಬರಂಗಿಲ್ಲ. ಅಲ್ಲ ಅನ್ನಾಕೂ ಬರಂಗಿಲ್ಲ."

ಒಳಗೆ ಕೂಸು ಮುಲುಕಿತು, ಮಧುಮತಿ ಅದನ್ನು ತಟ್ಟುವ ಸದ್ದು ಕೇಳಿಸಿತು. ಶರಣಮ್ಮ ಮತ್ತೆ ಫೋಟೋದ ಕಡೆ ತಿರುಗಿ, ಈ ಸಲ ಬೇರೆ ದನಿಯಲ್ಲಿ ಅಂದಳು. "ಆ ಸೀರಿ ನಂದು, ಗೊತ್ತೇನು? ಮಗನ ಊರಿಗೆ ಹೊಂಟೀನಿ, ಛಲೋದೊಂದು ಕೊಡು ಅಂತ ಇಸ್ಕೊಂಡು ಹೋಗಿದ್ಲು. ತಿರುಗಿ ಕೊಡ್ಲೇ ಇಲ್ಲ."

"ಯಾವ ಬಣ್ಣದ್ದು ಅದು?"

ಶರಣಮ್ಮ ಅವನನ್ನು ನೋಡಿದಳು. ಅವನು ನಿಜಕ್ಕೂ ಕೇಳುತ್ತಿದ್ದಾನೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

"ದಾಳಿಂಬ್ರಿ ಬಣ್ಣ. ಒಡದ ದಾಳಿಂಬ್ರಿ ಕಾಳಿಂದು."

"ನಾ ಹಸರು ಅನ್ಕೊಂಡಿದ್ದೆ."

"ಹಸರಲ್ಲೋ ಹುಚ್ಚಪ್ಪಾ!" ಶರಣಮ್ಮ ನಕ್ಕಳು. ಎದ್ದು ಅವನ ತೋಳು ಹಿಡಿದು ಫೋಟೋದ ಹತ್ತಿರ ಎಳೆದುಕೊಂಡು ಹೋದಳು. ಬೆರಳಿಟ್ಟು ತೋರಿಸುತ್ತ, ಸಣ್ಣ ಹುಡುಗನಿಗೆ ಅಕ್ಷರ ಹೇಳಿಕೊಡುವವಳ ಹಾಗೆ ಶುರು ಮಾಡಿದಳು. "ಇದು ಕುಪ್ಪಸ, ಹಳದಿ, ಇದು ನಿನಗೂ ಕಾಣ್ತಿರಬೇಕು. ಇಲ್ಲಿ ಸೆರಗಿನ ತುದೀಗೆ ಬಿಳೀದು. ಬಳಿ ನೋಡು, ಬಳಿ ಹಸರು..."

ನಿಂಗರಾಜ ಒಂದೊಂದನ್ನೂ ಕೇಳಿಸಿಕೊಂಡ. ನಡುನಡುವೆ ನಿಲ್ಲಿಸಿ, "ಮತ್ತ ಇದು?" ಅಂತ ಕೇಳುತ್ತಿದ್ದ.